ಬೆಟ್ಟಾ ಮೀನು: ಸಕಲೇಶಪುರ–ಆಲೂರು ಮಲೆನಾಡಿನಲ್ಲಿ ನೀರು ಮತ್ತು ತೊಟ್ಟಿಯ ಹದ

ಬೆಟ್ಟಾ ಮೀನು ಥಾಯ್ಲೆಂಡಿನ ತಗ್ಗು ಬಯಲಿನ ಗದ್ದೆ, ಜೌಗು, ಕಾಲುವೆಗಳಿಂದ ಜಗತ್ತಿನ ಮನೆಗಳಿಗೆ ಹರಡಿದ ಚಿಕ್ಕ ಸಿಹಿನೀರಿನ ಮೀನು. ಅಂಗಡಿಗಳಲ್ಲಿ ಇದರ ಬಳಕೆಯ ಹೆಸರು ಫೈಟರ್. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಇದನ್ನು ಸಾಕುವವರ ಸಮಸ್ಯೆ ಬಯಲುಸೀಮೆಯವರ ಸಮಸ್ಯೆಗಿಂತ ಬೇರೆ. ಬೆಂಗಳೂರಿನಂಥ ಊರುಗಳಲ್ಲಿ ಕೊಳವೆಬಾವಿಯ ಗಡಸುತನವೂ ನಲ್ಲಿಯ ಕ್ಲೋರಿನ್ನೂ ಮೊದಲ ಚಿಂತೆ. ಮಲೆನಾಡಿನ ಬಾವಿ, ಒರತೆಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬೆಟ್ಟಾಗೆ ಹುಟ್ಟಿನಿಂದ ಒಗ್ಗಿದ ನೀರು ಅಂಥದೇ. ಇಲ್ಲಿ ತೊಡಕಾಗುವುದು ಮೂರು ಸಂಗತಿಗಳು: ಮಳೆಗಾಲ ಮತ್ತು ಚಳಿಗಾಲದ ತಂಪು, ಪಿಎಚ್ ಕುಸಿಯದಂತೆ ತಡೆಯುವ ಲವಣಗಳ ಕೊರತೆ, ತೋಟದಿಂದಲೂ ಬಚ್ಚಲಿನಿಂದಲೂ ಬರಬಹುದಾದ ತಾಮ್ರ.

ಹೆಸರು ಮತ್ತು ವರ್ಗೀಕರಣ

ಬೆಟ್ಟಾದ ಶಾಸ್ತ್ರೀಯ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಆಸ್‌ಫ್ರೊನೆಮಿಡೆ ಕುಟುಂಬಕ್ಕೆ ಸೇರಿದೆ. ಡಚ್ ಮತ್ಸ್ಯಶಾಸ್ತ್ರಜ್ಞ ಪೀಟರ್ ಬ್ಲೀಕರ್ 1850ರಲ್ಲಿ ಜಾವಾ ದ್ವೀಪದ ಮೀನೊಂದರ ಸ್ಥಳೀಯ ಹೆಸರಿನಿಂದ ಬೆಟ್ಟಾ ಎಂಬ ಜಾತಿನಾಮವನ್ನು ತೆಗೆದುಕೊಂಡ. ಕನ್ನಡದ ‘ಬೆಟ್ಟ’ಕ್ಕೂ ಇದಕ್ಕೂ ಉಚ್ಚಾರದ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಥಾಯ್ಲೆಂಡಿನ ಮೀನನ್ನು 1849ರಲ್ಲಿ ಥಿಯೊಡೋರ್ ಕ್ಯಾಂಟರ್ ಬೇರೆ ಹೆಸರಿನಡಿ ವರ್ಣಿಸಿದ್ದ. ಈಗಿನ ಹೆಸರನ್ನು ಕೊಟ್ಟವನು ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಟೇಟ್ ರೀಗನ್, 1910ರಲ್ಲಿ. ಥಾಯ್ ಜನ ಇದನ್ನು ಪ್ಲಾ ಕಾಟ್, ಎಂದರೆ ಕಚ್ಚುವ ಮೀನು, ಎನ್ನುತ್ತಾರೆ. 2019ರಲ್ಲಿ ಆ ದೇಶ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಸಾಕು ತಳಿಗಳು ಎಲ್ಲೆಡೆ ಹೇರಳವಾಗಿದ್ದರೂ ಕಾಡುರೂಪ ಮಾತ್ರ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಪ್ರಭೇದವಾಗಿ ದಾಖಲಾಗಿದೆ.

ಕಾಡುರೂಪದ ಬಣ್ಣ ಮಂಕು, ರೆಕ್ಕೆ ಮೋಟು. ವೇಲ್‌ಟೇಲ್, ಕ್ರೌನ್‌ಟೇಲ್, ಹಾಫ್‌ಮೂನ್, ಪ್ಲಕಾಟ್ ಎಂದು ಮಾರಾಟವಾಗುವವೆಲ್ಲ ಮನುಷ್ಯ ಆಯ್ದು ಬೆಳೆಸಿದ ತಳಿಗಳು. ಉದ್ದ ಸುಮಾರು 6ರಿಂದ 7 ಸೆಂಟಿಮೀಟರ್, ಆಯಸ್ಸು ಸಾಮಾನ್ಯವಾಗಿ 2ರಿಂದ 4 ವರ್ಷ.

ಮೂಲ ನೆಲೆ ಮತ್ತು ಉಸಿರಾಟ

ಮಲೆನಾಡಿನವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದಾದರೆ ಬೆಟ್ಟಾ ಗದ್ದೆಯ ಮೀನು. ಕಲ್ಲಿನಿಂದ ಕಲ್ಲಿಗೆ ಧುಮುಕುವ ಹಳ್ಳದ ತಣ್ಣನೆಯ, ಗಾಳಿ ತುಂಬಿದ ನೀರು ಅದರ ದೇಹಕ್ಕೆ ಒಗ್ಗಿದ್ದಲ್ಲ. ನಿಂತ ಅಥವಾ ನಿಧಾನವಾಗಿ ಸರಿಯುವ, ಮೊಣಕಾಲು ಮುಟ್ಟದಷ್ಟು ಆಳದ, ಬಿಸಿಲಿಗೆ ಬೆಚ್ಚಗಾದ, ಕಳೆ ಮತ್ತು ಕೊಳೆತ ಎಲೆ ತುಂಬಿದ ನೀರು ಅದರ ಮನೆ. ಅಂಥ ನೀರಿನಲ್ಲಿ ಆಮ್ಲಜನಕ ಕಡಿಮೆ. ಆ ಕೊರತೆ ತುಂಬಲು ಕಿವಿರುಗಳ ಮೇಲ್ಭಾಗದ ಕೋಣೆಯಲ್ಲಿ ಸುರುಳಿ ಸುರುಳಿಯಾದ, ರಕ್ತನಾಳ ತುಂಬಿದ ಒಂದು ಅಂಗ ಬೆಳೆದಿದೆ. ಇದನ್ನು ಚಕ್ರವ್ಯೂಹ ಅಂಗ ಎನ್ನುತ್ತಾರೆ. ಮೀನು ಮೇಲೆ ಬಂದು ಬಾಯಿಂದ ಗಾಳಿ ನುಂಗಿ ಈ ಅಂಗದ ಮೂಲಕ ಆಮ್ಲಜನಕ ಪಡೆಯುತ್ತದೆ.

ಈ ಅಂಗವೇ ಬೆಟ್ಟಾದ ದುರದೃಷ್ಟಕ್ಕೂ ಕಾರಣ. ಗಾಳಿ ಗುಳ್ಳೆ ಇಲ್ಲದ ಲೋಟದಲ್ಲೂ ಅದು ಉಸಿರುಗಟ್ಟಿ ಸಾಯುವುದಿಲ್ಲವಾದ್ದರಿಂದ ಅಂಗೈಯಗಲದ ಬೋಗುಣಿಯೇ ಅದಕ್ಕೆ ಸಾಕೆಂಬ ನಂಬಿಕೆ ಹುಟ್ಟಿತು. ಗಾಳಿಯಿಂದ ಉಸಿರಾಡಬಲ್ಲ ಮೀನೂ ತನ್ನದೇ ಮಲಮೂತ್ರದ ಅಮೋನಿಯಾದಿಂದ ಪಾರಾಗಲಾರದು, ತಂಪಿನಿಂದಲೂ ಪಾರಾಗಲಾರದು. ಗದ್ದೆಯ ನೀರು ಆಳವಿಲ್ಲದಿದ್ದರೂ ವಿಸ್ತಾರದಲ್ಲಿ ಎಕರೆಗಟ್ಟಲೆ ಎಂಬುದನ್ನು ಬೋಗುಣಿ ಮಾರುವವರು ಹೇಳುವುದಿಲ್ಲ.

ಪ್ರದೇಶದ ಹವೆ ಮತ್ತು ಜಲ

ಸಕಲೇಶಪುರ ಪಟ್ಟಣ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಹೇಮಾವತಿ ನದಿಯ ದಡದಲ್ಲಿದೆ. ತಾಲ್ಲೂಕಿನ ಪಶ್ಚಿಮದ ಅಂಚು ಘಟ್ಟವಾಗಿ ಇಳಿಯುತ್ತದೆ. ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಗುಂಡ್ಯದತ್ತ ಹರಿದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುತ್ತದೆ. ಪೂರ್ವದ ನೀರು ಹೇಮಾವತಿಗೆ ಬಿದ್ದು ಗೊರೂರು ಜಲಾಶಯದ ಮೂಲಕ ಕಾವೇರಿಗೆ ಹೋಗುತ್ತದೆ. ಹಾನುಬಾಳು, ಹೆತ್ತೂರು, ಯಸಳೂರು ಹೋಬಳಿಗಳಲ್ಲಿ ಮಳೆ ವಿಪರೀತ. ಬೆಳಗೋಡು ದಾಟಿ ಆಲೂರಿನ ಕಡೆ ಬಂದಂತೆ ಕಡಿಮೆಯಾಗುತ್ತದೆ. ಕೆಂಚಮ್ಮನ ಹೊಸಕೋಟೆ, ಪಾಳ್ಯ, ಕುಂದೂರು ಹೋಬಳಿಗಳ ಆಲೂರು ತಾಲ್ಲೂಕು ಮಲೆನಾಡು ಬಯಲಿಗೆ ತಿರುಗುವ ಅರೆಮಲೆನಾಡು. ಕಾಫಿ, ಮೆಣಸು, ಏಲಕ್ಕಿ, ಭತ್ತ, ಶುಂಠಿ ಇಲ್ಲಿನ ಮುಖ್ಯ ಬೆಳೆಗಳು.

ಮೀನು ಸಾಕುವವರಿಗೆ ಈ ಭೂಗೋಳದಿಂದ ಎರಡು ಪರಿಣಾಮಗಳಿವೆ. ನೆಲದಡಿ ಇರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್ ಜಾತಿಯ ಹಳೆಯ ಶಿಲೆ, ಮೇಲೆ ಜಂಬಿಟ್ಟಿಗೆ ಮತ್ತು ಕೆಂಪು ಮಣ್ಣು, ಸುಣ್ಣಕಲ್ಲು ವಿರಳ. ಸಾವಿರಾರು ವರ್ಷಗಳ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದಿದೆ. ಹಾಗಾಗಿ ಮೇಲ್ಮಟ್ಟದ ನೀರಿಗೆ ಗಡಸುತನ ಬರಲು ಆಸ್ಪದ ಕಡಿಮೆ. ಎರಡನೆಯದು ಹವೆ. ಮುಂಗಾರಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಹಗಲೂ ತಂಪಾಗಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಪಾದರಸ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು.

ನೀರಿನ ಮೂಲಗಳು

ತೆರೆದ ಬಾವಿ: ಮೊದಲ ಆಯ್ಕೆ ಇದೇ. ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಸೇದಿದ ಕೂಡಲೇ ಅಳೆದರೆ ಪಿಎಚ್ ನಿಜಕ್ಕಿಂತ ಕಡಿಮೆ ತೋರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಅಳೆದದ್ದೇ ತೊಟ್ಟಿಗೆ ಅನ್ವಯಿಸುವ ಅಂಕಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ರೂಢಿ ಇರುವಲ್ಲಿ ಆ ನೀರನ್ನೂ ಕ್ಲೋರಿನ್ ನೀರೆಂದೇ ಎಣಿಸಬೇಕು.

ಒರತೆ ಮತ್ತು ಹಳ್ಳ: ಗುಡ್ಡದ ಒರತೆಗೆ ಪೈಪು ಹಾಕಿ ಮನೆಗೆ ಇಳಿಸಿಕೊಂಡ ನೀರು ಸ್ವಚ್ಛವಾಗಿ ಕಂಡರೂ ಅದರಲ್ಲಿ ಲವಣ ತೀರ ಕಡಿಮೆ, ಜೊತೆಗೆ ಅದು ತಣ್ಣಗೆ. ತೆರೆದ ಹಳ್ಳದ ನೀರು ಮುಂಗಾರಿನಲ್ಲಿ ಮಣ್ಣಿನಿಂದ ಕದಡುತ್ತದೆ. ಅರೇಬಿಕಾ, ರೊಬಸ್ಟಾ ಕೊಯ್ಲಿನ ತಿಂಗಳುಗಳಲ್ಲಿ ಮೇಲಿನ ತೋಟದಲ್ಲಿ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಸೇರಿದರೆ ಹುಳಿಯಾಗಿ ಆಮ್ಲಜನಕ ಕಳೆದುಕೊಳ್ಳುತ್ತದೆ. ಹಳ್ಳದ ನೀರು ತರುವವರು ಮೇಲೇನಿದೆ ಎಂದು ನಡೆದು ನೋಡಿ ಬರುವುದು ಲೇಸು.

ಕೊಳವೆಬಾವಿ: ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಾದ್ದರಿಂದ ಗಡಸುತನ ಮತ್ತು ಪಿಎಚ್ ಬಾವಿನೀರಿಗಿಂತ ಹೆಚ್ಚಿರಬಹುದು, ಆಲೂರಿನ ಪೂರ್ವಭಾಗಕ್ಕೆ ಹೋದಂತೆ ಇದು ಎದ್ದು ಕಾಣುತ್ತದೆ. ಕಬ್ಬಿಣ ಇದ್ದರೆ ಬಕೆಟ್ಟಿನಲ್ಲಿ ನಿಂತ ನೀರು ಕೆಂಪಗಾಗಿ ತಳದಲ್ಲಿ ತುಕ್ಕಿನ ಗಸಿ ಕೂರುತ್ತದೆ. ಗಾಳಿಯಾಡಿಸಿ, ಒಂದೆರಡು ದಿನ ತಂಗಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು.

ನಲ್ಲಿ ನೀರು: ಭಾರತೀಯ ಮಾನಕ ಐಎಸ್ 10500 ಪ್ರಕಾರ ಶುದ್ಧೀಕರಿಸಿ ಬಿಡುವ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯನನ್ನು ಕಾಯುವ ಈ ಪ್ರಮಾಣ ಮೀನಿನ ಕಿವಿರನ್ನು ಸುಡಬಲ್ಲದು. ತೆರೆದ ಬಕೆಟ್ಟಿನಲ್ಲಿ ಏರ್ ಪಂಪ್ ಹಾಕಿ 24 ಗಂಟೆ ಇಟ್ಟರೆ ಬಿಡಿ ಕ್ಲೋರಿನ್ ಹಾರಿಹೋಗುತ್ತದೆ. ಅಷ್ಟು ಹೊತ್ತು ಕಾಯಲಾಗದಿದ್ದರೆ ಆಂಟಿಕ್ಲೋರಿನ್ ಹೆಸರಿನಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ತಕ್ಷಣ ಕೆಲಸ ಮಾಡುತ್ತದೆ.

ಮಳೆನೀರು: ಇಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದರಲ್ಲಿ ಲವಣವೇ ಇಲ್ಲ. ಹೆಂಚಿನ ಮಾಡಿನ ನೀರು ಮೊದಲ ಕೆಲವು ಮಳೆಗಳ ಕೊಳೆ ಹೋದ ಮೇಲೆ ಬಳಸಲು ಯೋಗ್ಯ. ಜಿಂಕ್ ಶೀಟಿನಿಂದ ಇಳಿದದ್ದರಲ್ಲಿ ಸತು ಕರಗಿರಬಹುದಾದ್ದರಿಂದ ಅದು ಬೇಡ. ಗಡಸು ಕೊಳವೆಬಾವಿ ನೀರನ್ನು ಮೆದುಗೊಳಿಸಲು ಬೆರೆಸುವುದೇ ಮಳೆನೀರಿನ ಸರಿಯಾದ ಉಪಯೋಗ.

ಪಿಎಚ್ ಮತ್ತು ಅದರ ಆಸರೆ

ಬೆಟ್ಟಾ 6ರಿಂದ 8ರವರೆಗಿನ ಪಿಎಚ್‌ನಲ್ಲಿ ಬದುಕುತ್ತದೆ, 6.5ರಿಂದ 7.5 ಸಲೀಸು. ಅಂಕಿಗಿಂತ ಮುಖ್ಯ ಅದು ಅಲುಗದಿರುವುದು. ಪಿಎಚ್ ಅಲುಗದಂತೆ ಹಿಡಿದಿಡುವುದು ನೀರಿನ ಬೈಕಾರ್ಬನೇಟ್, ಎಂದರೆ ಕ್ಷಾರತೆ. ಕಾಫಿನಾಡಿನ ಮೆದು ನೀರಿಗೆ ಕೊರತೆ ಇರುವುದು ಇದರದೇ.

ಮೀನಿನ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುವಾಗ ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ, ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ, ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಲೀಟರಿಗೆ 20 ಮಿಲಿಗ್ರಾಂ ಕ್ಷಾರತೆಯ ನೀರು 20 ಲೀಟರ್ ತೊಟ್ಟಿಯಲ್ಲಿದ್ದರೆ ಒಟ್ಟು ಬಂಡವಾಳ 400 ಮಿಲಿಗ್ರಾಂ. ಅದನ್ನು ಮುಗಿಸಲು 56 ಮಿಲಿಗ್ರಾಂ ಸಾರಜನಕ ಸಾಕು; ಸುಮಾರು ಒಂದು ಗ್ರಾಂ ಒಣ ಆಹಾರದಿಂದ ಅಷ್ಟು ಹುಟ್ಟುತ್ತದೆ. ನೀರು ಬದಲಿಸದೆ ಬಿಟ್ಟರೆ ಕೆಲವೇ ವಾರಗಳಲ್ಲಿ ಪಿಎಚ್ 6ರ ಕೆಳಗೆ ಜಾರಿ ಬ್ಯಾಕ್ಟೀರಿಯಾಗಳ ಕೆಲಸವೇ ನಿಲ್ಲುತ್ತದೆ.

ಆಮೇಲೆ ನಡೆಯುವುದು ಇನ್ನೂ ಕುತಂತ್ರದ ಸಂಗತಿ. ಆಮ್ಲೀಯ ನೀರಿನಲ್ಲಿ ಅಮೋನಿಯಾ ಬಹುತೇಕ ನಿರುಪದ್ರವಿ ಅಮೋನಿಯಂ ರೂಪದಲ್ಲಿ ಶೇಖರವಾಗುತ್ತದೆ. ಮೀನು ಚೆನ್ನಾಗಿಯೇ ಇರುವಂತೆ ಕಾಣುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇ. 0.6ರಷ್ಟು ಮಾತ್ರ ವಿಷರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇ. 5 ದಾಟುತ್ತದೆ. ಹಳೆಯ ತೊಟ್ಟಿಗೆ ಒಮ್ಮೆಲೇ ಕೊಳವೆಬಾವಿಯ ಕ್ಷಾರೀಯ ನೀರು ಸುರಿದರೆ ಮಲಗಿದ್ದ ವಿಷ ಎದ್ದು ಕೂರುತ್ತದೆ. ನೀರು ಬದಲಿಸಿದ ದಿನವೇ ಮೀನು ಸತ್ತಿತೆಂಬ ಎಷ್ಟೋ ದೂರುಗಳ ಹಿಂದೆ ಈ ರಸಾಯನವಿರುತ್ತದೆ.

ಪರಿಹಾರ ಸರಳ. ಕಡಲತೀರದ ಕಪ್ಪೆಚಿಪ್ಪುಗಳನ್ನು ತೊಳೆದು, ಕುಟ್ಟಿ, ಒಂದು ಹಿಡಿ ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಟ್ಟರೆ ನೀರು ಆಮ್ಲೀಯವಾದಷ್ಟೂ ಅವು ಕರಗಿ ಸರಿದೂಗಿಸುತ್ತವೆ. ತುರ್ತಿಗೆ ಅಡುಗೆ ಸೋಡಾ ಆಗುತ್ತದೆ: 20 ಲೀಟರಿಗೆ 1.2 ಗ್ರಾಂ, ಎಂದರೆ ಸುಮಾರು ಕಾಲು ಟೀ ಚಮಚ, ಕ್ಷಾರತೆಯನ್ನು ಲೀಟರಿಗೆ 36 ಮಿಲಿಗ್ರಾಂ ಏರಿಸುತ್ತದೆ. ಅದನ್ನು ನೀರಿನಲ್ಲಿ ಕದಡಿ ಎರಡು ಮೂರು ದಿನಗಳಲ್ಲಿ ಹಂಚಿ ಹಾಕಬೇಕು. ಹಳೆಯ ತೊಟ್ಟಿಯಾದರೆ ಅದಕ್ಕೂ ಮೊದಲು ಸ್ವಲ್ಪ ಸ್ವಲ್ಪ ನೀರು ಬದಲಿಸಿ ಅಮೋನಿಯಾ ಇಳಿಸಿಕೊಳ್ಳಬೇಕು. ತೋಟಕ್ಕೆ ತಂದ ಸುಣ್ಣ ಇಲ್ಲಿ ಸಲ್ಲದು. ಚಿಟಿಕೆ ಸುಣ್ಣವೂ ಪಿಎಚ್ಚನ್ನು ಅಳತೆ ಮೀರಿ ಏರಿಸುತ್ತದೆ.

ಬೆಟ್ಟಾ ಸಾಕುವವರಲ್ಲಿ ಕಾಡುಬಾದಾಮಿಯ ಒಣ ಎಲೆ ಹಾಕುವ ಪದ್ಧತಿ ಜನಪ್ರಿಯ. ಎಲೆಯ ಒಗರು ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿ ಪಿಎಚ್ ಇಳಿಸುತ್ತದೆ. ಗಡಸು ನೀರಿನ ಊರುಗಳಲ್ಲಿ ಅನುಕೂಲವಾದ ಈ ಉಪಾಯ ಇಲ್ಲಿ ಇಳಿಜಾರಿನಲ್ಲಿರುವವನನ್ನು ಇನ್ನಷ್ಟು ತಳ್ಳಿದ ಹಾಗೆ. ಹಾಕಲೇಬೇಕೆಂದರೆ 20 ಲೀಟರಿಗೆ ಅರ್ಧ ಎಲೆ, ಜೊತೆಗೆ ಚಿಪ್ಪಿನ ಚೀಲ.

ಉಷ್ಣತೆ

ಬೆಟ್ಟಾಗೆ ಹಿತವಾದ ಉಷ್ಣತೆ 25ರಿಂದ 28 ಡಿಗ್ರಿ. 22ರ ಕೆಳಗೆ ಅದು ಮಂಕಾಗುತ್ತದೆ. ಮೇವು ಬಿಡುತ್ತದೆ, ತಳ ಹಿಡಿಯುತ್ತದೆ, ಜೀರ್ಣಶಕ್ತಿಯೂ ರೋಗನಿರೋಧವೂ ಕುಗ್ಗುತ್ತವೆ. ಸಕಲೇಶಪುರದ ಕಡೆ ಹೀಟರ್ ಇಲ್ಲದ ತೊಟ್ಟಿ ಮುಂಗಾರಿನುದ್ದಕ್ಕೂ ಚಳಿಗಾಲದುದ್ದಕ್ಕೂ ಈ ಗೆರೆಯ ಕೆಳಗೇ ಇರುತ್ತದೆ. ಮಾಡು ಮುಚ್ಚದ ಹೆಂಚಿನ ಮನೆಯಲ್ಲಿ ಒಳಗಿನ ಗಾಳಿ ಹೊರಗಿನದನ್ನೇ ಹಿಂಬಾಲಿಸುತ್ತದೆ. ತಾರಸಿ ಮನೆ ಕೊಂಚ ಮೇಲು. ಮಾರ್ಚ್‌ನಿಂದ ಮೇವರೆಗೆ ಮಾತ್ರ ಹೀಟರ್ ಸುಮ್ಮನಿರಬಹುದು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಹಾಗಾಗಿ 25 ವಾಟ್ ಹೀಟರ್ 20 ಲೀಟರನ್ನು, ಸೋರಿಕೆ ಲೆಕ್ಕಿಸದೆ, ಒಂದು ಡಿಗ್ರಿ ಏರಿಸಲು ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಹೊರಗೆ 16 ಡಿಗ್ರಿ ಇರುವ ರಾತ್ರಿ ಸೋರಿಕೆಯೇ ಅಷ್ಟಿರುವುದರಿಂದ 20 ಲೀಟರಿಗೆ 50 ವಾಟ್ ಇಟ್ಟುಕೊಳ್ಳುವುದು ಜಾಣತನ. ಹಳ್ಳಿಗಳ ಇನ್ನೊಂದು ಕಾಟ ಲೋ ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟಿನ 50 ವಾಟ್ ಹೀಟರ್ 180 ವೋಲ್ಟಿನಲ್ಲಿ 31 ವಾಟಿನಷ್ಟೇ ಕೊಡುತ್ತದೆ. ಥರ್ಮೋಸ್ಟಾಟ್ ಇರುವ, ನೀರಿನಲ್ಲಿ ಪೂರ್ಣ ಮುಳುಗುವ ಹೀಟರನ್ನೇ ಕೊಂಡು, ಬೇರೆ ಥರ್ಮಾಮೀಟರಿನಿಂದ ಅದರ ಗುರುತನ್ನು ತಾಳೆ ನೋಡಬೇಕು. ಕೈ ಹಾಕುವ ಮೊದಲು ಪ್ಲಗ್ ಕೀಳುವುದು ಕಡ್ಡಾಯ.

ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವುದು ಇಲ್ಲಿನ ಮಳೆಗಾಲದ ಸಹಜ ಸಂಗತಿ. ಆಗ ತೊಟ್ಟಿಯ ಗಾತ್ರವೇ ಮೊದಲ ರಕ್ಷಣೆ: ಒಂದು ಲೀಟರಿನ ಬೋಗುಣಿ ಗಂಟೆಗಳಲ್ಲಿ ಕೋಣೆಯಷ್ಟೇ ತಣ್ಣಗಾದರೆ, 25 ಲೀಟರ್ ನಿಧಾನಕ್ಕೆ ಇಳಿಯುತ್ತದೆ. ಅಡಿಗೆ, ಹಿಂದಕ್ಕೆ, ಎರಡು ಪಕ್ಕಕ್ಕೆ ಥರ್ಮೋಕೋಲ್ ಹಲಗೆ ಕಟ್ಟಿ, ಕಂಬಳಿ ಹೊದಿಸಿ, ಬಿಸಿನೀರು ತುಂಬಿ ಬಿರಡೆ ಬಿಗಿದ ಬಾಟಲಿಯನ್ನು ತೇಲಿಬಿಡಬಹುದು. ಮೇಲೆ ಉಸಿರಾಟದ ಗಾಳಿಗೆ ಸಂದು ಉಳಿದಿರಬೇಕು. ತೊಟ್ಟಿಯನ್ನು ಒಲೆಯ ಬಳಿಗೆ ಸಾಗಿಸುವ ಉಪಾಯ ಒಳ್ಳೆಯದಲ್ಲ. ಮೇಲೆ ಬಂದು ಗಾಳಿ ನುಂಗುವ ಮೀನು ಹೊಗೆಯನ್ನೂ ನುಂಗುತ್ತದೆ, ಏರ್ ಪಂಪ್ ಅದೇ ಹೊಗೆಯನ್ನು ನೀರಿಗೆ ತುಂಬುತ್ತದೆ. ಸೊಳ್ಳೆಬತ್ತಿಗೂ ಇದೇ ಮಾತು.

ತೊಟ್ಟಿ

ಒಂದು ಗಂಡು ಬೆಟ್ಟಾಗೆ 20 ಲೀಟರ್ ನೀರು ಹಿಡಿಯುವ ತೊಟ್ಟಿ ಸೂಕ್ತ. 10 ಲೀಟರ್ ಕನಿಷ್ಠ. 45 ಸೆಂಟಿಮೀಟರ್ ಉದ್ದ, 25 ಅಗಲ, 25 ಎತ್ತರದ ಗಾಜಿನ ತೊಟ್ಟಿಗೆ 20 ಸೆಂಟಿಮೀಟರ್ ನೀರು ತುಂಬಿದರೆ 22.5 ಲೀಟರ್ ಆಗುತ್ತದೆ. ನೀರಿನ ಆಳಕ್ಕಿಂತ ಉದ್ದ, ಅಗಲ ಹೆಚ್ಚಿರಬೇಕು. ಉದ್ದ ರೆಕ್ಕೆಯ ಹಾಫ್‌ಮೂನ್ ಪ್ರತಿ ಉಸಿರಿಗೂ ತಳದಿಂದ ಮೇಲಕ್ಕೆ ಈಜಿ ದಣಿಯುತ್ತದೆ. ಬೆಟ್ಟಾ ಹಾರುವ ಮೀನಾದ್ದರಿಂದ ಮುಚ್ಚಳ ಬೇಕೇಬೇಕು. ಮುಚ್ಚಳಕ್ಕೂ ನೀರಿಗೂ ನಡುವೆ ನಾಲ್ಕೈದು ಸೆಂಟಿಮೀಟರ್ ಗಾಳಿ ಉಳಿದರೆ ಅದು ಬೆಚ್ಚಗೆ, ಹಸಿಯಾಗಿರುತ್ತದೆ. ಚಳಿಯ ಬೆಳಗಿನಲ್ಲಿ ಮೀನು ಕೊರೆಯುವ ಗಾಳಿ ನುಂಗುವುದು ತಪ್ಪುತ್ತದೆ.

ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್ ಅತ್ಯುತ್ತಮ. ಅದರ ಹರಿವು ಮಂದ, ಬ್ಯಾಕ್ಟೀರಿಯಾಗಳಿಗೆ ನೆಲೆ ಧಾರಾಳ. ಜೋರಾಗಿ ನೀರು ಚಿಮ್ಮುವ ಪವರ್ ಫಿಲ್ಟರ್ ಗದ್ದೆಯ ಮೀನನ್ನು ಹಳ್ಳಕ್ಕೆ ಎಸೆದಂತೆ. ತಳಕ್ಕೆ ತೊಳೆದ ಹೊಳೆಮರಳು ಎರಡು ಸೆಂಟಿಮೀಟರ್ ಸಾಕು. ಚೂಪು ಅಂಚಿನ ಕಲ್ಲು, ಗಡುಸು ಪ್ಲಾಸ್ಟಿಕ್ ಗಿಡ ರೆಕ್ಕೆ ಹರಿಯುತ್ತವೆ.

ಜೀವಂತ ಗಿಡಗಳಿದ್ದರೆ ಅಮೋನಿಯಾ ಹೀರಿ, ಅಡಗಲು ಮರೆ ಕೊಡುತ್ತವೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳು ನಾಡಿನ ಕೆರೆಗಳವೇ; ಅಕ್ವೇರಿಯಂ ಲೋಕದಲ್ಲಿ ಹೆಸರಾದ ಲ್ಯಾಜೆನಾಂಡ್ರಾ ಮೀಬೋಲ್ಡಿ ಪಶ್ಚಿಮಘಟ್ಟದ್ದೇ ಸಸ್ಯ. ಮೀಸಲು ಅರಣ್ಯದ ಹಳ್ಳಗಳಿಂದ ಗಿಡ ಕೀಳುವುದು ಕಾನೂನುಬಾಹಿರ. ಗದ್ದೆ, ಕೆರೆಗಳಿಂದ ತಂದದ್ದನ್ನು ಬೇರೆ ಬಕೆಟ್ಟಿನಲ್ಲಿ ಎರಡು ವಾರ ಇಟ್ಟು, ಜಿಗಣೆ, ಬಸವನಹುಳು ಮತ್ತು ಔಷಧಿಯ ಅಂಶಗಳು ಹೋದ ಮೇಲೆ ತೊಟ್ಟಿಗೆ ಹಾಕಬೇಕು.

ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿ ಇರಲಾರವು. ಕಾದಾಟದಲ್ಲಿ ಒಂದು ಸಾಯುವುದೂ ಉಂಟು. ಗಂಡು ಹೆಣ್ಣನ್ನೂ ಮರಿಹಾಕಿಸುವ ಹೊತ್ತಿನಲ್ಲಿ ಮಾತ್ರ ಕೂಡಿಸುತ್ತಾರೆ.

ತೊಟ್ಟಿಯನ್ನು ಹದಗೊಳಿಸುವುದು ಮತ್ತು ನೀರು ಬದಲಾವಣೆ

ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತಂಪಿನಲ್ಲಿ ಇವು ನಿಧಾನ, ಆಮ್ಲೀಯ ನೀರಿನಲ್ಲಿ ಇನ್ನೂ ನಿಧಾನ. ಆದ್ದರಿಂದ ಹೀಟರ್ ಮತ್ತು ಚಿಪ್ಪಿನ ಚೀಲಗಳನ್ನು ಮೀನು ತರುವ ದಿನಕ್ಕೆ ಕಾಯಿಸದೆ ಮೊದಲ ದಿನವೇ ಹಾಕಬೇಕು. ಆರೋಗ್ಯವಾದ ಹಳೆಯ ತೊಟ್ಟಿಯ ಸ್ಪಂಜನ್ನು ಹಿಂಡಿದ ನೀರು ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಮೀನಿನ ಸರದಿ.

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ಚೀಲ ಸಕಲೇಶಪುರ ತಲುಪುವ ಹೊತ್ತಿಗೆ ಉಬ್ಬಿರುತ್ತದೆ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಒತ್ತಡಕ್ಕಿಂತ ಹೆಚ್ಚು ಕಾಡುವುದು ದಾರಿಯ ತಂಪು. ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಂದು, ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ, ಮೀನನ್ನು ಮಾತ್ರ ಒಳಗೆ ಬಿಡಬೇಕು.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು ವಾಡಿಕೆ. 27 ಡಿಗ್ರಿಯ 15 ಲೀಟರಿಗೆ 18 ಡಿಗ್ರಿಯ 5 ಲೀಟರ್ ಬಾವಿನೀರು ಸುರಿದರೆ ಒಟ್ಟು ನೀರು ಒಂದೇ ಏಟಿಗೆ ಎರಡು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ನಾಲ್ಕೂಕಾಲು ಲೀಟರ್ ಬಾವಿನೀರಿಗೆ ಸ್ಟೀಲ್ ಪಾತ್ರೆಯಲ್ಲಿ 80 ಡಿಗ್ರಿಗೆ ಕಾಯಿಸಿದ ಮುಕ್ಕಾಲು ಲೀಟರ್ ಬೆರೆಸಿದರೆ ಬೇಕಾದ 27 ಡಿಗ್ರಿಗೆ ಬರುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನಲ್ಲಿಯಡಿ ತೊಳೆದರೆ ವಾರಗಳ ಹೆಪ್ಪು ಹಾಳು.

ತಾಮ್ರ ಮತ್ತು ತೋಟದ ಔಷಧಿ

ತಾಮ್ರ ಮನುಷ್ಯನಿಗೆ ಶುಭ, ಮೀನಿಗೆ ವಿಷ. ಅದರ ಅಯಾನುಗಳು ಕಿವಿರಿಗೆ ಅಂಟಿ ರಕ್ತದ ಲವಣ ಸಮತೋಲ ಕೆಡಿಸುತ್ತವೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅಡ್ಡ ನಿಂತು ಸ್ವಲ್ಪ ತಡೆಯುತ್ತದೆ. ಮೆದು ನೀರಿನಲ್ಲಿ ಆ ತಡೆಯಿಲ್ಲ. ಲೀಟರಿಗೆ ಮಿಲಿಗ್ರಾಂನ ಹತ್ತನೇ ಒಂದು ಪಾಲು ಕೂಡ ಮೆದು ನೀರಿನಲ್ಲಿ ಅನೇಕ ಮೀನುಗಳಿಗೆ ಮಾರಕವಾಗಬಲ್ಲದು.

ಇಲ್ಲಿ ಅದು ಬರುವ ದಾರಿ ಎರಡು. ಮೊದಲನೆಯದು ಬಚ್ಚಲ ಹಂಡೆ. ತಾಮ್ರದ ಹಂಡೆಯಲ್ಲಿ ದಿನವಿಡೀ ಬಿಸಿಯಾಗಿ ಕೂತ ಮೆದು, ಆಮ್ಲೀಯ ನೀರು ತಾಮ್ರವನ್ನು ಕರಗಿಸಿಕೊಂಡಿರುತ್ತದೆ. ತಣ್ಣನೆಯ ತೊಟ್ಟಿಗೆ ಹಂಡೆಯಿಂದ ಒಂದು ಚೊಂಬು ಬಿಸಿನೀರು ಸುರಿಯುವುದು ಮನೆಯವರ ಸಹಜ ಕರುಣೆ. ಮೀನಿಗೆ ಅದೇ ಮುಳುವು. ತಾಮ್ರದ ಕೊಡದಲ್ಲಿ ರಾತ್ರಿಯಿಟ್ಟ ಕುಡಿಯುವ ನೀರಿಗೂ ಇದೇ ನಿಯಮ.

ಎರಡನೆಯದು ಬೋರ್ಡೋ ದ್ರಾವಣ. ಕಾಫಿಯ ಎಲೆತುಕ್ಕು, ಮೆಣಸಿನ ಸೊರಗು ರೋಗ, ಅಡಿಕೆಯ ಕೊಳೆರೋಗಗಳಿಗೆ ಮುಂಗಾರಿನ ಮುಂಚೆಯೂ ನಡುವಿನ ಹೊಳವಿನಲ್ಲೂ ಇದನ್ನು ಸಿಂಪಡಿಸುತ್ತಾರೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಆ ಲೆಕ್ಕದಲ್ಲಿ ದ್ರಾವಣದ ಪ್ರತಿ ಲೀಟರಿನಲ್ಲಿ 2.5 ಗ್ರಾಂ. ಅದರ ಒಂದೇ ಮಿಲಿಲೀಟರ್, ಅಂದರೆ ಇಪ್ಪತ್ತು ಹನಿ, 20 ಲೀಟರ್ ತೊಟ್ಟಿಗೆ ಬಿದ್ದರೆ ಲೀಟರಿಗೆ 0.125 ಮಿಲಿಗ್ರಾಂ ತಾಮ್ರ ಸೇರಿದಂತೆ. ಸುಣ್ಣ ಅದನ್ನು ಕರಗದಂತೆ ಕಟ್ಟಿಹಾಕಿದ್ದರೂ ಆಮ್ಲೀಯ ನೀರಿನಲ್ಲಿ ಕಟ್ಟು ಸಡಿಲವಾಗುತ್ತದೆ. ಔಷಧಿ ಕಲಸಿದ ಡ್ರಮ್, ಬಕೆಟ್, ಹೋಸ್‌ಗಳನ್ನು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬಳಸಬಾರದು. ಸಿಂಪಡಿಸಿ ಬಂದವರು ಸೋಪು ಹಚ್ಚಿ ಕೈ ತೊಳೆಯದೆ ತೊಟ್ಟಿ ಮುಟ್ಟಬಾರದು. ಔಷಧಿ ಬಳಸುವ ಶುಂಠಿ ಹೊಲಗಳ ಕೆಳಗಿನ ತೋಡಿನ ನೀರು, ಅಲ್ಲಿ ಹಿಡಿದ ಸೊಳ್ಳೆಮರಿಗಳ ಮೇವು ಎರಡನ್ನೂ ದೂರವಿಡುವುದು ಕ್ಷೇಮ.

ಆಹಾರ, ರೋಗ, ಸಂತಾನ

ಬೆಟ್ಟಾ ಮಾಂಸಾಹಾರಿ, ಕೀಟ, ಸೊಳ್ಳೆಮರಿ, ನೀರುಚಿಗಟಗಳು ಅದರ ಸಹಜ ಮೇವು. ಸಾಕಣೆಯಲ್ಲಿ ದಿನಕ್ಕೆ ಎರಡು ಬಾರಿ ಎರಡು ಮೂರು ಗುಳಿಗೆ ಸಾಕು. ಕರೆಂಟಿಲ್ಲದೆ ನೀರು ತಣ್ಣಗಾದ ದಿನಗಳಲ್ಲಿ ಮೇವು ನಿಲ್ಲಿಸುವುದೇ ಒಳ್ಳೆಯದು. ಜೀರ್ಣವಾಗದ್ದು ಹೊಟ್ಟೆಯಲ್ಲೂ ತಿನ್ನದೆ ಬಿಟ್ಟದ್ದು ತಳದಲ್ಲೂ ಕೊಳೆಯುತ್ತದೆ.

ಈ ಹವೆಯಲ್ಲಿ ಎದುರಾಗುವ ರೋಗಗಳಲ್ಲಿ ಬಿಳಿಚುಕ್ಕೆ ಮುಖ್ಯ. ಏಕಕೋಶ ಪರಾವಲಂಬಿಯಿಂದ ಬರುವ ಇದು ಉಷ್ಣತೆ ಹಠಾತ್ತಾಗಿ ಇಳಿದ ನಂತರ ತಲೆಯೆತ್ತುತ್ತದೆ. ರೆಕ್ಕೆ ಕೊಳೆಯುವುದು ಬಹುಪಾಲು ಕೆಟ್ಟ ನೀರಿನ ಫಲ. ಬಿಳಿಚುಕ್ಕೆಗೆ ಮಾರುವ ಕೆಲವು ಔಷಧಿಗಳಲ್ಲಿ ತಾಮ್ರವೇ ಮದ್ದಾಗಿರುವುದರಿಂದ ಗಡಸು ನೀರಿಗೆ ಹೇಳಿದ ಪ್ರಮಾಣವನ್ನು ಮೆದು ನೀರಿಗೆ ಹಾಕಿದರೆ ಮದ್ದೇ ಮೀನನ್ನು ಕೊಲ್ಲಬಹುದು.

ನೀರು ಹದವಾಗಿದ್ದಾಗ ಗಂಡು ಬಾಯಿಯಿಂದ ಗುಳ್ಳೆ ಉಗುಳಿ ಮೇಲ್ಮೈಯಲ್ಲಿ ನೊರೆಗೂಡು ಕಟ್ಟುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಎತ್ತಿ ಗೂಡಿನಲ್ಲಿಟ್ಟು ಕಾಯುವುದೂ ಗಂಡೇ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆದು, ಮತ್ತೆ ಎರಡು ಮೂರು ದಿನಗಳಲ್ಲಿ ಮರಿಗಳು ಈಜತೊಡಗುತ್ತವೆ. ಹೀಟರ್ ಇಲ್ಲದ ಮಲೆನಾಡಿನ ಮನೆಗಳಲ್ಲಿ ನೊರೆಗೂಡು ಕಾಣಿಸುವುದು ಬಹುತೇಕ ಬೇಸಿಗೆಯಲ್ಲಿ.

ಸ್ಥಳೀಯ ಜಲಜೀವಿಗಳೊಂದಿಗೆ ಸಂಬಂಧ

ಗಾಳಿ ನುಂಗುವ ಮೀನು ಕನ್ನಡ ನಾಡಿಗೆ ಹೊಸದಲ್ಲ. ಕೆರೆ ಬತ್ತಿದರೂ ಕೆಸರಿನಲ್ಲಿ ಬದುಕುವ ಕೊರವ, ಬೆಟ್ಟಾದ ಹತ್ತಿರದ ಬಂಧುವಾಗಿ ಕರಾವಳಿಯ ತಗ್ಗು ನೀರುಗಳಲ್ಲಿರುವ ಸ್ಯೂಡೊಸ್ಫ್ರೊಮೆನಸ್ ಕುಪಾನಸ್ ಇದೇ ಉಪಾಯದಿಂದ ಬದುಕುವವು. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನುಗಳನ್ನು ಮಲೆನಾಡು ತಲೆಮಾರುಗಳಿಂದ ಬಲ್ಲದು.

ಸಾಕಿದ ಬೆಟ್ಟಾವನ್ನು ಈ ನೀರುಗಳಿಗೆ ಬಿಡಬಾರದು. ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ ಅಡಿಲೇಡ್ ನದಿಯ ಬಯಲಿನಲ್ಲಿ ಅದು ಕಾಡುಬಿದ್ದು ನೆಲೆಸಿದೆ. ಸಕಲೇಶಪುರದ ಚಳಿ ಅದನ್ನು ಕೊಲ್ಲುತ್ತದೆಂಬ ಧೈರ್ಯ ಅರ್ಧ ಮಾತ್ರ ಸರಿ. ಇಲ್ಲಿಂದ ಪಶ್ಚಿಮಕ್ಕೆ ಹೊರಟ ಹಳ್ಳ ಕೆಲವೇ ಹರದಾರಿಯಲ್ಲಿ ದಕ್ಷಿಣ ಕನ್ನಡದ ಬೆಚ್ಚನೆಯ ಗದ್ದೆ, ತೋಡುಗಳನ್ನು ಮುಟ್ಟುತ್ತದೆ. ಪೂರ್ವಕ್ಕೆ ಹರಿದದ್ದು ಗೊರೂರಿನ ಹಿನ್ನೀರಿನ ಕಳೆ ತುಂಬಿದ ಅಂಚುಗಳಲ್ಲಿ ನಿಲ್ಲುತ್ತದೆ. ಮನೆಯ ತೊಟ್ಟಿಯಲ್ಲಿ ಹೀಟರ್, ಥರ್ಮೋಕೋಲ್, ಚಿಪ್ಪಿನ ಚೀಲ ಇಟ್ಟು ಕಷ್ಟದಿಂದ ಕಟ್ಟಿಕೊಟ್ಟ ಬೆಚ್ಚನೆಯ ನಿಂತ ನೀರು ಅಲ್ಲಿ ಅದಕ್ಕೆ ಪುಕ್ಕಟೆ ಸಿಗುತ್ತದೆ.